ವರ್ಷಗಟ್ಟಲೆ ನಿಂತ ರೋಡ್ ರನ್ನರ್ ಮತ್ತೆ ರಸ್ತೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಿಷಿಗನ್‌ನಲ್ಲಿ ಇರುವವನು. ನನ್ನ ಹತ್ತಿರ 1968ರ ಪ್ಲಿಮತ್ ರೋಡ್ ರನ್ನರ್ ಕಾರಿದೆ. ಪ್ಲಿಮತ್ ಅನ್ನುವುದು ಕ್ರೈಸ್ಲರ್ ಕಂಪನಿಯದೇ ಒಂದು ಬ್ರ್ಯಾಂಡ್. ಒಂದು ಹೊಲದ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತಿದ್ದ ಗಾಡಿ ಅದು. ಅದನ್ನು ಓಡಿಸಲು ಶುರು ಮಾಡಿದ ಮೇಲೆ ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದ ಸ್ನೇಹಿತರು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ. ಇವರಲ್ಲಿ ಕಾರ್ ಕಂಪನಿಗಳಲ್ಲಿ ಕೆಲಸ ಮಾಡುವವರೇ ಜಾಸ್ತಿ. ಹೊಸ ಗಾಡಿ ಬಗ್ಗೆ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆದರೆ ಕಂಪ್ಯೂಟರೇ ಇಲ್ಲದ ಗಾಡಿಯನ್ನು ಎಬ್ಬಿಸುವುದು ಬೇರೆ ತರಹದ ಕೆಲಸ. ಅವರಿಗೆ ಹೇಳಿದ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಮಸಲ್ ಕಾರ್ ಅಂದರೆ ಏನು? ಹಳೆಯ ಅಮೆರಿಕನ್ ಕಾರೆಲ್ಲ ಮಸಲ್ ಕಾರೇನಾ?

ಅಲ್ಲ. ನಡುಗಾತ್ರದ ಸಾಮಾನ್ಯ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿ, ಹುಡುಗರ ಕೈಗೆ ಎಟುಕುವ ಬೆಲೆಗೆ ಮಾರಿದ ಗಾಡಿಗೆ ಆ ಹೆಸರು. 1964ರಲ್ಲಿ ಪಾಂಟಿಯಾಕ್ ಕಂಪನಿ 389 ಕ್ಯೂಬಿಕ್ ಇಂಚಿನ ಎಂಜಿನ್ ಹಾಕಿ ಜಿಟಿಒ ತಂದಾಗ ಈ ಹುಚ್ಚು ಶುರುವಾಯಿತು ಅನ್ನುತ್ತಾರೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇಂಥ ಗಾಡಿಗಳ ಬೆಲೆ ಏರಿತ್ತು. ಆಗ ಪ್ಲಿಮತ್ ಮತ್ತೆ ಮೊದಲಿನ ಲೆಕ್ಕಕ್ಕೆ ಬಂತು. ಬೆಂಚ್ ಸೀಟು, ಕಾರ್ಪೆಟ್ ಬದಲು ರಬ್ಬರ್ ಹಾಸು, ಹಿಂದಿನ ಕಿಟಕಿ ಕೆಳಗಿಳಿಯುವುದಿಲ್ಲ, ಸ್ವಲ್ಪ ಹೊರಕ್ಕೆ ತೆರೆಯುತ್ತದೆ ಅಷ್ಟೆ. ಆದರೆ ಬಾನೆಟ್ ಕೆಳಗೆ 383 ಕ್ಯೂಬಿಕ್ ಇಂಚು, 335 ಹಾರ್ಸ್‌ಪವರ್. ಶುರುವಿನ ಬೆಲೆ 2,896 ಡಾಲರ್. ಹೆಸರು ವಾರ್ನರ್ ಬ್ರದರ್ಸ್ ಕಾರ್ಟೂನಿನ ಹಕ್ಕಿಯದು, ಹಾರ್ನ್ ಕೂಡ ಆ ಹಕ್ಕಿಯ ಹಾಗೆ 'ಬೀಪ್ ಬೀಪ್' ಅನ್ನುತ್ತದೆ. ಮೊದಲ ವರ್ಷವೇ ಸುಮಾರು 45,000 ಗಾಡಿ ಮಾರಾಟವಾದವು.

ಅಷ್ಟು ಮಾರಾಟವಾಗಿದ್ದು ಇವತ್ತು ನಮಗೆ ಒಳ್ಳೆಯದೇ ಆಯಿತು. ಕೊಟ್ಟಿಗೆಯಲ್ಲಿ, ಷೆಡ್ಡಿನಲ್ಲಿ ನಿಂತ ಗಾಡಿಗಳು ಈಗಲೂ ಸಿಗುತ್ತವೆ. ಪಾರ್ಟ್ಸ್ ಕೂಡ ಹೊಸದಾಗಿ ತಯಾರಾಗುತ್ತಿವೆ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಆ ಕಾಲದ ಡಾಡ್ಜ್‌ಗೂ ನಡೆಯುತ್ತದೆ, ಶೆವ್ರೊಲೆ ಕಂಪನಿಯ ಶೆವೆಲ್‌ಗೂ ನಡೆಯುತ್ತದೆ.

ಕೊಳ್ಳುವ ಮುಂಚೆ ಏನು ನೋಡಬೇಕು?

ತುಕ್ಕು. ಎಂಜಿನ್ ಕೆಟ್ಟಿದ್ದರೆ ಸರಿ ಮಾಡಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು. ತುಕ್ಕು ತಿಂದ ಬಾಡಿ ಮಾತ್ರ ದುಡ್ಡನ್ನೂ ವರ್ಷಗಳನ್ನೂ ಒಟ್ಟಿಗೇ ನುಂಗುತ್ತದೆ.

ರೋಡ್ ರನ್ನರ್‌ಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಾಗಾಗಿ ಫೆಂಡರ್ ಮೇಲಿನ ತೂತಿಗಿಂತ ಕೆಳಗಿನ ತೂತೇ ಅಪಾಯ. ಗಾಡಿ ಅಡಿಗೆ ಹೋಗಿ ಮೂರು ಜಾಗ ನೋಡಿ. ಒಂದು, ಮುಂದಿನ ಟಾರ್ಶನ್ ಬಾರ್‌ಗಳ (ಸ್ಪ್ರಿಂಗ್ ಬದಲು ತಿರುಚಿಕೊಂಡು ಭಾರ ಹೊರುವ ಸರಳುಗಳು) ಹಿಂತುದಿ ಕೂರುವ ಅಡ್ಡಪಟ್ಟಿ. ಎರಡು, ಹಿಂದಿನ ಎಲೆಪಟ್ಟಿ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ. ಮೂರು, ಡಿಕ್ಕಿಯ ನೆಲ. ಸ್ಕ್ರೂಡ್ರೈವರ್ ಹಿಡಿ ತಿರುಗಿಸಿ ಬಡಿದು ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗೆ ಕೊಳೆತದ್ದು ಡಬ್ ಅನ್ನುತ್ತದೆ. ಟಾರ್ಶನ್ ಬಾರ್ ಪಟ್ಟಿ ಕೊಳೆತಿದ್ದರೆ, ಬೆಸುಗೆ ಹಾಕುವುದು ನಿಮಗೆ ಚೆನ್ನಾಗಿ ಬಾರದಿದ್ದರೆ, ಆ ಗಾಡಿ ಬೇಡ. ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬೇಡ.

ಇನ್ನೊಂದು ಜಾಗ ಮುಂದಿನ ಗಾಜಿನ ಕೆಳಗಡೆ. ಅಲ್ಲಿ ಎಲೆ, ಕಸ ಸೇರಿ ನೀರು ನಿಂತು ಒಳಗಿನಿಂದಲೇ ತೂತಾಗಿರುತ್ತದೆ. ಒಂದು ಚೊಂಬು ನೀರು ಹುಯ್ಯಿರಿ. ಕಾಲಿಡುವ ಜಾಗಕ್ಕೆ ನೀರು ಬಂದರೆ ಗೊತ್ತಾಯಿತಲ್ಲ.

ಮಿಷಿಗನ್‌ನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಹಾಕುತ್ತಾರೆ. ಅರಿಜೋನಾದಂಥ ಒಣ ಊರಿನಲ್ಲಿ ನಿಂತ ಗಾಡಿಯ ಸೀಟು, ಡ್ಯಾಶ್‌ಬೋರ್ಡ್ ಬಿಸಿಲಿಗೆ ಸೀಳಿರುತ್ತವೆ, ಬಾಡಿ ಮಾತ್ರ ಉಳಿದಿರುತ್ತದೆ. ಎರಡರಲ್ಲಿ ಒಂದನ್ನು ಆರಿಸುವುದಾದರೆ ಕಣ್ಣು ಮುಚ್ಚಿ ಅರಿಜೋನಾದ್ದನ್ನು ತೆಗೆದುಕೊಳ್ಳಿ.

ಇದು ನಿಜವಾದ ರೋಡ್ ರನ್ನರ್ರೇ ಎಂದು ತಿಳಿಯುವುದು ಹೇಗೆ?

ಡ್ಯಾಶ್‌ಬೋರ್ಡಿನ ಮೇಲೆ, ಚಾಲಕನ ಕಡೆ, ಗಾಜಿನ ಒಳಗಿಂದ ಕಾಣುವ ನಂಬರ್ ಪಟ್ಟಿ ನೋಡಿ. 1968ರ ರೋಡ್ ರನ್ನರ್ ಕೂಪೆ (ಬಾಗಿಲ ಹಿಂದೆ ಕಂಬ ಇರುವುದು) ಆದರೆ 'ಆರ್‌ಎಂ21' ಎಂದು ಶುರುವಾಗುತ್ತದೆ, ಹಾರ್ಡ್‌ಟಾಪ್ (ಕಂಬ ಇಲ್ಲದ್ದು) ಆದರೆ 'ಆರ್‌ಎಂ23'. ಆಮೇಲಿನ ಅಕ್ಷರ ಎಂಜಿನ್‌ದು. 'ಎಚ್' ಇದ್ದರೆ 383, 'ಜೆ' ಇದ್ದರೆ 426 ಕ್ಯೂಬಿಕ್ ಇಂಚಿನ 'ಹೆಮಿ' ಎಂಜಿನ್. ಅದರ ಮುಂದಿನ 8 ಅಂದರೆ 1968. ನಂತರದ ಅಕ್ಷರ ಕಾರ್ಖಾನೆಯದು: 'ಎ' ಅಂದರೆ ಡೆಟ್ರಾಯಿಟ್‌ನ ಲಿಂಚ್ ರೋಡ್, 'ಜಿ' ಅಂದರೆ ಸೇಂಟ್ ಲೂಯಿಸ್. ಈ ನಂಬರ್ ಮಾಲೀಕತ್ವದ ಕಾಗದದ ಜೊತೆ ಒಂದು ಅಕ್ಷರವೂ ತಪ್ಪದೆ ಹೊಂದಬೇಕು. ಪಟ್ಟಿಯ ರಿವೆಟ್ ಯಾರೋ ಕೈಯಾಡಿಸಿದ ಹಾಗಿದ್ದರೆ ದುಡ್ಡು ಕೊಡಬೇಡಿ.

ಹಿಂದಿನ ಸೀಟು ಎತ್ತಿ ಅದರ ಸ್ಪ್ರಿಂಗ್‌ಗಳ ನಡುವೆಯೂ ಹುಡುಕಿ. ಕಾರ್ಖಾನೆಯಲ್ಲಿ ಗಾಡಿ ಕಟ್ಟುವಾಗ ಬಳಸಿದ ವಿವರದ ಹಾಳೆಯನ್ನು ಕೆಲಸಗಾರರು ಎಷ್ಟೋ ಸಲ ಅಲ್ಲೇ ಬಿಟ್ಟಿದ್ದಾರೆ. ನನ್ನದರಲ್ಲಿ ಇಲಿ ತಿಂದು ಅರ್ಧ ಹಾಳೆ ಉಳಿದಿತ್ತು. ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಎಲ್ಲ ಬಿಚ್ಚಿ, ಬಣ್ಣ ಹೊಡೆದು, ಹೊಸದರ ಹಾಗೆ ಮಾಡಿ ಆಮೇಲೆ ಓಡಿಸೋಣ ಅಂತಿದ್ದೇನೆ. ಸರಿ ಅಲ್ವಾ?

ದಯವಿಟ್ಟು ಬೇಡ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಜಾಹೀರಾತುಗಳನ್ನು ನೋಡಿ. 'ಪ್ರಾಜೆಕ್ಟ್ ಕಾರ್, ತೊಂಬತ್ತು ಭಾಗ ಕೆಲಸ ಮುಗಿದಿದೆ, ಪಾರ್ಟ್ಸ್ ಎಲ್ಲ ಡಬ್ಬಿಗಳಲ್ಲಿವೆ' ಎಂದು ಮಾರಾಟಕ್ಕಿಟ್ಟವೇ ಎಷ್ಟಿವೆ! ಅವೆಲ್ಲ ಒಂದು ಕಾಲಕ್ಕೆ ಇಡಿಯಾಗಿ ನಿಂತಿದ್ದ ಗಾಡಿಗಳು. ಯಾರೋ ಪ್ರೀತಿಯಿಂದಲೇ ಬಿಚ್ಚಿದರು. ಆಮೇಲೆ ಮಗು ಹುಟ್ಟಿತು, ಕೆಲಸ ಬದಲಾಯಿತು, ಊರು ಬಿಟ್ಟರು. ಯಾವ ಬೋಲ್ಟ್ ಎಲ್ಲಿಯದು ಎಂದು ನೆನಪಿದ್ದ ಮನುಷ್ಯ ಹೋದ ಮೇಲೆ ಅದು ಬರೀ ಕಬ್ಬಿಣದ ರಾಶಿ.

ಮೊದಲು ಗಾಡಿ ಓಡಲಿ. ನಿಲ್ಲಬೇಕು, ತಿರುಗಬೇಕು, ಬೆಂಕಿ ಹತ್ತಬಾರದು, ಬಿಸಿಯಾಗಿ ಕುದಿಯಬಾರದು. ಅಷ್ಟಾದರೆ ಸಾಕು. ಬಣ್ಣ ಮಾಸಿರಲಿ, ಸೀಟು ಹರಿದಿರಲಿ. ಒಂದು ಬೇಸಿಗೆ ಹಾಗೇ ಓಡಿಸಿ. ನಿಜವಾಗಿ ಏನು ಕೆಟ್ಟಿದೆ ಎಂದು ಗಾಡಿಯೇ ತೋರಿಸುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಿರಿ, ಅದನ್ನು ಮುಗಿಸಿ ಮುಂದಿನದಕ್ಕೆ ಹೋಗಿ. ಗಾಡಿ ಯಾವತ್ತೂ ಒಂದೆರಡು ವಾರಕ್ಕಿಂತ ಜಾಸ್ತಿ ಓಡಲಾಗದ ಸ್ಥಿತಿಯಲ್ಲಿ ಇರಬಾರದು.

ಮನೆಗೆ ತಂದೆ. ಬ್ಯಾಟರಿ ಹಾಕಿ ಕೀ ತಿರುಗಿಸಿ ನೋಡಲಾ?

ಆಸೆ ಅರ್ಥವಾಗುತ್ತದೆ. ತಡೆದುಕೊಳ್ಳಿ. ಸಿಲಿಂಡರಿನ ಗೋಡೆಗೆ ತೆಳು ತುಕ್ಕು ಹಿಡಿದಿರಬಹುದು, ವಾಲ್ವ್ ಅಂಟಿಕೊಂಡಿರಬಹುದು. ಸ್ಟಾರ್ಟರ್ ಮೋಟಾರಿನ ಬಲದಲ್ಲಿ ತಿರುಗಿಸಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಪುಶ್‌ರಾಡ್ ಬಾಗುತ್ತದೆ. ಐದು ನಿಮಿಷದ ಆತುರಕ್ಕೆ ಎಂಜಿನ್ನೇ ಇಳಿಸಬೇಕಾಗುತ್ತದೆ.

ಮೊದಲ ದಿನ ಇಲಿ ಗೂಡು ತೆಗೆಯುವ ಕೆಲಸ ಮಾಡಿ. ಏರ್ ಕ್ಲೀನರ್, ಹೀಟರ್ ಪೆಟ್ಟಿಗೆ, ಸೈಲೆನ್ಸರ್, ಸೀಟಿನ ಒಳಗೆ, ಎಲ್ಲ ಕಡೆ ಇರುತ್ತವೆ. ಒಣಗಿದ್ದನ್ನು ಗುಡಿಸಬೇಡಿ. ಅಮೆರಿಕದ ಕಾಡಿಲಿಗಳ ಹಿಕ್ಕೆಯಿಂದ ಹ್ಯಾಂಟಾ ವೈರಸ್ ಬರುತ್ತದೆ. ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ, ನೆನೆದ ಮೇಲೆ ಗ್ಲೌಸ್, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಎಂಜಿನ್ ತಿರುಗುತ್ತಿಲ್ಲ. ಮುಗಿದುಹೋಯಿತಾ?

ಇರಲಿಕ್ಕಿಲ್ಲ. ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರಿಗೆ ಆಟೊಮ್ಯಾಟಿಕ್ ಗೇರ್ ಆಯಿಲ್ ಮತ್ತು ಅಸಿಟೋನ್ ಸಮ ಸಮ ಬೆರೆಸಿ ಸ್ವಲ್ಪ ಸ್ವಲ್ಪ ಹುಯ್ಯಿರಿ. ಇದು ಬೇಗ ಹತ್ತಿಕೊಳ್ಳುವ ಮಿಶ್ರಣ, ಹತ್ತಿರ ಕಿಡಿ ಇರಬಾರದು. ಹಾಗೇ ಬಿಟ್ಟು ದಿನಕ್ಕೊಂದು ಸಲ ನೋಡಿ. ಆಮೇಲೆ ಎಂಜಿನ್ನಿನ ಮುಂಭಾಗದಲ್ಲಿ, ಕ್ರ್ಯಾಂಕಿನ ತುದಿಯ ದೊಡ್ಡ ಬೋಲ್ಟಿಗೆ ಒಂದೂಕಾಲು ಇಂಚಿನ ಸಾಕೆಟ್, ಉದ್ದ ಹಿಡಿಯ ಬಾರ್ ಹಾಕಿ ಮೆತ್ತಗೆ ಗಡಿಯಾರದ ದಿಕ್ಕಿಗೆ ಒತ್ತಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದ ಹಾಗೆ. ಇನ್ನಷ್ಟು ಹುಯ್ದು ಮರುದಿನ ನೋಡಿ. ನನ್ನದು ಅಲುಗಲು ಒಂಬತ್ತು ದಿನ ತೆಗೆದುಕೊಂಡಿತು. ಬಾರಿಗೆ ಪೈಪ್ ಸಿಕ್ಕಿಸಿ ಮೈಮೇಲೆ ಬಿದ್ದು ಒತ್ತುವುದು ಮಾತ್ರ ಬೇಡ.

ಸಲೀಸಾಗಿ ಪೂರ್ತಿ ಎರಡು ಸುತ್ತು ಬಂದ ಮೇಲೆ ವಾಲ್ವ್ ಕವರ್ ತೆಗೆದು, ಯಾರಾದರೂ ಕೈಯಿಂದ ತಿರುಗಿಸುತ್ತಿರುವಾಗ ಹದಿನಾರೂ ವಾಲ್ವ್ ಮೇಲೆ ಕೆಳಗೆ ಆಡುತ್ತಿವೆಯಾ ನೋಡಿ.

ಎಂಜಿನ್ ಬದಿಗಿರಲಿ, ಬ್ರೇಕ್ ಯಾಕೆ ಮೊದಲು ಅನ್ನುತ್ತೀರಿ?

ಯಾಕೆಂದರೆ ಎಂಜಿನ್ ಸ್ಟಾರ್ಟ್ ಆದ ದಿನ ನೀವು ಗಾಡಿ ಹೊರಗೆ ತೆಗೆದೇ ತೆಗೆಯುತ್ತೀರಿ. ಎಷ್ಟೇ ಗಟ್ಟಿ ಮನಸ್ಸಿನವರೂ ತಡೆದುಕೊಂಡಿದ್ದನ್ನು ನಾನು ನೋಡಿಲ್ಲ. ಅವತ್ತು ಬ್ರೇಕ್ ಇರಲೇಬೇಕು. ಸುಮಾರು 1,550 ಕೆಜಿ ತೂಕದ ಗಾಡಿ ಇದು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತರೆ ಆ ನೀರು ಕೊಳವೆಗಳನ್ನು ಒಳಗಿನಿಂದ ತಿನ್ನುತ್ತದೆ. ಪೆಡಲ್ ಗಟ್ಟಿಯಾಗಿಯೇ ಸಿಗಬಹುದು, ನಂಬಬೇಡಿ. ನಿಧಾನಕ್ಕೆ ಒತ್ತಿದಾಗ ತಡೆದ ಕೊಳವೆ, ಮಗು ಅಡ್ಡ ಬಂದಾಗ ಜೋರಾಗಿ ಒತ್ತಿದರೆ ಒಡೆಯುತ್ತದೆ. ಹಾಗಾಗಿ ಎಲ್ಲವನ್ನೂ ಬದಲಾಯಿಸಿ: ಮಾಸ್ಟರ್ ಸಿಲಿಂಡರ್, ನಾಲ್ಕು ವೀಲ್ ಸಿಲಿಂಡರ್, ಮೂರು ರಬ್ಬರ್ ಹೋಸ್, ಉದ್ದಕ್ಕೂ ಇರುವ ಉಕ್ಕಿನ ಕೊಳವೆ. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಗಾಡಿಗೆ ಇದು ದೊಡ್ಡ ಖರ್ಚೇನಲ್ಲ. ಅಳತೆಗೆ ಬಗ್ಗಿಸಿದ ಕೊಳವೆಗಳೇ ಸೆಟ್ಟಾಗಿ ಸಿಗುತ್ತವೆ.

ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ ತೆಗೆದಾಗ ಬೀಳುವ ಧೂಳನ್ನು ಊದಬೇಡಿ, ಕಂಪ್ರೆಸರ್ ಗಾಳಿ ಹಿಡಿಯಲೇ ಬೇಡಿ. ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಕೆಲಸ ಮಾಡುವಾಗ ಜಾಕ್ ನಂಬಿ ಗಾಡಿಯಡಿ ಮಲಗಬೇಡಿ. ಸ್ಟ್ಯಾಂಡ್ ಕೊಡಿ. ಹ್ಯಾಂಡ್‌ಬ್ರೇಕನ್ನೂ ನಂಬಬೇಡಿ. ನಮ್ಮೂರಿನ ಲಾರಿ ಕ್ಲೀನರ್‌ಗಳು ಗಾಡಿ ನಿಂತ ತಕ್ಷಣ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಆ ಅಭ್ಯಾಸ ನನಗೆ ಇಲ್ಲಿಯೂ ಉಳಿದಿದೆ.

ಎಡಗಡೆ ಚಕ್ರದ ನಟ್ ಎಷ್ಟು ತಿರುಗಿಸಿದರೂ ಬರುತ್ತಿಲ್ಲ!

ನಿಲ್ಲಿಸಿ! ಆ ಕಾಲದ ಕ್ರೈಸ್ಲರ್ ಗಾಡಿಗಳಲ್ಲಿ ಚಾಲಕನ ಕಡೆಯ ಚಕ್ರಗಳಿಗೆ ಎಡ ಮರೆಯ, ಅಂದರೆ ಉಲ್ಟಾ ತಿರುಗುವ ನಟ್. 1970ರ ಮಾಡೆಲ್‌ವರೆಗೂ ಹಾಗೇ ಇತ್ತು. ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ನಟ್ ಕೂರುವ ಸ್ಟಡ್ ತುದಿಯಲ್ಲಿ 'ಎಲ್' ಎಂದು ಅಚ್ಚಾಗಿದೆಯಾ ನೋಡಿ. ಇದು ಗೊತ್ತಿಲ್ಲದೆ ಸ್ಟಡ್ ಮುರಿದವರು ಬಹಳ ಜನ. ಟೈರ್ ಅಂಗಡಿಗೆ ಕೊಟ್ಟರೂ ಮೊದಲೇ ಹೇಳಿ. ನನ್ನ ಗಾಡಿಯ ಎರಡು ಸ್ಟಡ್ ಹೋಗಿದ್ದು ಒಂದು ಅಂಗಡಿಯಲ್ಲೇ.

ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲ್ ಇದೆ. ಹೊಸದು ಸೇರಿಸಿದರೆ ನಡೆಯುತ್ತದಾ?

ನಡೆಯುವುದಿಲ್ಲ. ಮುಚ್ಚಳ ತೆಗೆದು ಮೂಸಿ ನೋಡಿ. ಹಳೆಯ ವಾರ್ನಿಷ್ ವಾಸನೆ ಬಂದರೆ ಅದು ಇನ್ನು ಪೆಟ್ರೋಲ್ ಅಲ್ಲ, ಅಂಟು. ಅದು ಎಂಜಿನ್ ತಲುಪಿದರೆ ವಾಲ್ವ್ ಅಂಟಿಕೊಳ್ಳುತ್ತದೆ. ಎರಡು ಪಟ್ಟಿ ಬಿಚ್ಚಿದರೆ ಟ್ಯಾಂಕ್ ಕೆಳಗಿಳಿಯುತ್ತದೆ. ಒಳಗೆ ತುಕ್ಕಿದ್ದರೆ ತೊಳೆದು ಬಳಿದು ಒದ್ದಾಡಬೇಡಿ, ಹೊಸ ಟ್ಯಾಂಕ್ ಸಿಗುತ್ತದೆ. ನಾನು ಮೊದಲು ಲೇಪನ ಬಳಿದೆ. ಅದು ವರ್ಷ ತುಂಬುವ ಮುಂಚೆ ಸಿಪ್ಪೆ ಎದ್ದು ಫಿಲ್ಟರ್ ಕಟ್ಟಿತು. ಕೊನೆಗೆ ಹೊಸದನ್ನೇ ಹಾಕಿದೆ.

ಇಲ್ಲಿನ ಪೆಟ್ರೋಲಿನಲ್ಲಿ ಈಗ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಇರುತ್ತದೆ. 1968ರ ರಬ್ಬರ್‌ಗೆ ಅದು ಆಗಿಬರುವುದಿಲ್ಲ. ಹೋಸ್ ಮೆತ್ತಗಾಗಿ ಬಿರಿಯುತ್ತದೆ, ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಇಂಥ ಗಾಡಿಗಳು ಸುಟ್ಟುಹೋಗುವುದು ಹೀಗೇ. '30ಆರ್9' ಎಂದು ಅಚ್ಚಾಗಿರುವ ಹೋಸ್ ಮಾತ್ರ ಹಾಕಿ. ಪೆಟ್ರೋಲ್ ಪಂಪ್ ಹೊಸದಿರಲಿ. ಕಾರ್ಬೊರೇಟರ್ ಕಾರ್ಟರ್ ಕಂಪನಿಯ ಎವಿಎಸ್. ಅದನ್ನು ಪೂರ್ತಿ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಬೇಕು. ಬಿಚ್ಚುವಾಗ ಹಂತ ಹಂತಕ್ಕೂ ಫೋಟೋ ತೆಗೆದುಕೊಳ್ಳಿ.

ಬೆಂಕಿ ಆರಿಸುವ ಸಿಲಿಂಡರ್ ಒಂದು ಗ್ಯಾರೇಜಿನಲ್ಲಿ, ಒಂದು ಗಾಡಿಯಲ್ಲಿ ಇರಲಿ.

ಸೀಸ ಇಲ್ಲದ ಪೆಟ್ರೋಲ್ ಹಾಕಿದರೆ ಎಂಜಿನ್ ಹಾಳಾಗುತ್ತದಂತೆ, ನಿಜವಾ?

ಸ್ವಲ್ಪ ನಿಜ. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರ ಶುರುವಿಗೆ ಪೂರ್ತಿ ನಿಂತಿತು. ಸೀಸ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಆದರೆ ಆ ಸವೆತ ಜಾಸ್ತಿ ಆಗುವುದು ದಿನಗಟ್ಟಲೆ ಜೋರಾಗಿ ಓಡಿಸಿದಾಗ. ವಾರಕ್ಕೊಮ್ಮೆ ಸಮಾಧಾನವಾಗಿ ಓಡಿಸುವವರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುಂದೆ ಯಾವಾಗಲಾದರೂ ಸಿಲಿಂಡರ್ ಹೆಡ್ ಬಿಚ್ಚಿದರೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿ. ಈ 383ರ ಕಂಪ್ರೆಶನ್ 10ಕ್ಕೆ 1. ಹಾಗಾಗಿ ಬಂಕಿನಲ್ಲಿ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸಿ.

ಇದಕ್ಕಿಂತ ಮುಖ್ಯ ಎಂಜಿನ್ ಆಯಿಲ್. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್ ಚಪ್ಪಟೆ ಲಿಫ್ಟರ್ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಅದಕ್ಕೆ ಜಿಂಕ್ ಇರುವ ಆಯಿಲ್ ಬೇಕು. ಇವತ್ತಿನ ಕಾರುಗಳ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಡಬ್ಬಿ ಓದಿ, ಜಿಂಕ್ 1,000 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಸಾವಿರ ಭಾಗ) ಜಾಸ್ತಿ ಇರುವುದನ್ನು ಕೊಳ್ಳಿ.

ವೈರಿಂಗ್ ನೋಡಿದರೆ ಭಯವಾಗುತ್ತದೆ. ಎಲ್ಲಿಂದ ಶುರು ಮಾಡಲಿ?

ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಿಂದ. ಆ ಕಾಲದ ಕ್ರೈಸ್ಲರ್ ಗಾಡಿಗಳ ದೊಡ್ಡ ನೋವು ಅಲ್ಲಿದೆ.

ಎಂಜಿನ್ ಕಡೆಯಿಂದ ಬರುವ ವೈರುಗಳೆಲ್ಲ ಆ ಗೋಡೆಯಲ್ಲಿರುವ ಒಂದು ದೊಡ್ಡ ಕನೆಕ್ಟರ್ ಮೂಲಕ ಒಳಗೆ ಹೋಗುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇದೆ. ಗಾಡಿಯ ಕರೆಂಟಿನ ಮುಖ್ಯ ದಾರಿ ಇದು: ಆಲ್ಟರ್ನೇಟರ್‌ನಿಂದ ಕನೆಕ್ಟರ್ ದಾಟಿ ಒಳಗೆ, ಮೀಟರ್ ಮೂಲಕ ಹಾದು, ಮತ್ತೆ ಅದೇ ಕನೆಕ್ಟರ್ ದಾಟಿ ಬ್ಯಾಟರಿಗೆ. ಐವತ್ತು ವರ್ಷ ಕಳೆದ ಮೇಲೆ ಆ ಚಪ್ಪಟೆ ಪಿನ್ನುಗಳಿಗೆ ಕಿಲುಬು ಹಿಡಿದಿರುತ್ತದೆ. ಕಿಲುಬಿದ್ದರೆ ಬಿಸಿಯಾಗುತ್ತದೆ, ಬಿಸಿಯಾದರೆ ಪ್ಲಾಸ್ಟಿಕ್ ಕರಗುತ್ತದೆ. ಬ್ಯಾಟರಿ ಖಾಲಿಯಾಗಿದ್ದಾಗ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ ಹಾಗೇ ಓಡಿಸಿದರೆ ಆ ದಾರಿಯಲ್ಲಿ ಹರಿಯುವ ಕರೆಂಟು ಬಹಳ ಜಾಸ್ತಿ. ಡ್ಯಾಶ್‌ಬೋರ್ಡಿನಿಂದ ಹೊಗೆ ಬರುವುದು ಆಗಲೇ.

ಬ್ಯಾಟರಿ ಕಳಚಿ, ಆ ಕನೆಕ್ಟರ್ ಬಿಚ್ಚಿ. ದಪ್ಪ ಕೆಂಪು, ಕಪ್ಪು ವೈರುಗಳ ಪಿನ್ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಊದಿದ್ದರೆ ಹೊಸ ಪಿನ್ ಹಾಕಲೇಬೇಕು. ಜೊತೆಗೆ ಆಲ್ಟರ್ನೇಟರ್‌ನಿಂದ ನೇರವಾಗಿ ಸ್ಟಾರ್ಟರ್ ರಿಲೇಯ ಬ್ಯಾಟರಿ ಸ್ಟಡ್‌ಗೆ ಒಂದು ದಪ್ಪ ವೈರ್ ಎಳೆಯಿರಿ. ಅದಕ್ಕೆ ಸರಿಯಾದ ಫ್ಯೂಸ್ ಲಿಂಕ್ (ಕರೆಂಟ್ ಮಿತಿಮೀರಿದರೆ ಕರಗಿ ಕಡಿಯುವ ವೈರ್ ತುಂಡು) ಇರಲೇಬೇಕು. ಹೆಚ್ಚಿನ ಕರೆಂಟ್ ಈಗ ಹೊರಗಡೆಯೇ ಹೋಗುತ್ತದೆ. ಆಂಪಿಯರ್ ಮೀಟರ್ ಸರಿಯಾಗಿ ತೋರಿಸುವುದಿಲ್ಲ, ತೋರಿಸದಿದ್ದರೆ ಬಿಡಿ. ವೋಲ್ಟ್ ಮೀಟರ್ ಒಂದನ್ನು ಕೆಳಗೆ ಸಿಕ್ಕಿಸಿಕೊಳ್ಳಿ. ಮೂಲ ರೂಪ ಕೆಡಿಸಬಾರದು ಎನ್ನುವವರ ಜೊತೆ ನಾನು ಬೇರೆಲ್ಲ ವಿಷಯದಲ್ಲೂ ಒಪ್ಪುತ್ತೇನೆ, ಇದೊಂದರಲ್ಲಿ ಒಪ್ಪುವುದಿಲ್ಲ.

ಸ್ಟಾರ್ಟ್ ಆಗುತ್ತದೆ, ಕೀ ಬಿಟ್ಟ ತಕ್ಷಣ ನಿಂತುಹೋಗುತ್ತದೆ. ಯಾಕೆ?

ಬ್ಯಾಲಸ್ಟ್ ರೆಸಿಸ್ಟರ್ ಹೋಗಿದೆ. ಎಂಜಿನ್ ಹಿಂದಿನ ಆ ಗೋಡೆಗೆ ತಿರುಪು ಹಾಕಿ ಕೂರಿಸಿದ ಬಿಳಿ ಪಿಂಗಾಣಿ ತುಂಡು ಅದು. ಸ್ಟಾರ್ಟರ್ ತಿರುಗುವಾಗ ಕರೆಂಟ್ ಅದನ್ನು ಬಿಟ್ಟು ನೇರವಾಗಿ, ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಹೋಗುತ್ತದೆ. ಕೀ ಬಿಟ್ಟರೆ ಅದರ ಮೂಲಕ ಹೋಗಬೇಕು. ಅದು ಸುಟ್ಟಿದ್ದರೆ ಎಂಜಿನ್ ಆಫ್. ಹೊಸದು ಹಾಕಲು ಎರಡು ನಿಮಿಷ. ಒಂದನ್ನು ಯಾವಾಗಲೂ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿರಿ.

ಮೊದಲ ಸಲ ಸ್ಟಾರ್ಟ್ ಮಾಡುವುದು ಹೇಗೆ?

ಹಳೆಯ ಆಯಿಲ್ ತೆಗೆದು ಹೊಸ ಆಯಿಲ್, ಫಿಲ್ಟರ್ ಹಾಕಿ. ಇಷ್ಟು ವರ್ಷದಲ್ಲಿ ಬೇರಿಂಗ್‌ಗಳು ಒಣಗಿರುತ್ತವೆ, ಅವಕ್ಕೆ ಮೊದಲು ಆಯಿಲ್ ತಲುಪಬೇಕು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗಿನ ರೋಟರ್ ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಹಾಕಿ ಡಿಸ್ಟ್ರಿಬ್ಯೂಟರ್ ಎತ್ತಿ. ಅದರ ಕೆಳಗಿನ ಚಿಕ್ಕ ಗೇರ್ ಕೂಡ ತೆಗೆಯಿರಿ. 5/16 ಇಂಚಿನ ಆರು ಮೂಲೆಯ ಸರಳನ್ನು ಒಳಗೆ ಇಳಿಸಿ ಡ್ರಿಲ್ ಯಂತ್ರದಿಂದ ಗಡಿಯಾರಕ್ಕೆ ಎದುರಾಗಿ ತಿರುಗಿಸಿ. ಮೊದಲು ಡ್ರಿಲ್ ಹಗುರವಾಗಿ ತಿರುಗುತ್ತದೆ. ಆಯಿಲ್ ಹಿಡಿದ ಕ್ಷಣ ಭಾರವಾಗುತ್ತದೆ, ಕೈಗೆ ಗೊತ್ತಾಗುತ್ತದೆ. ನಡುನಡುವೆ ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದರೆ ಮೇಲಿನ ರಾಕರ್‌ಗಳಿಗೂ ಆಯಿಲ್ ಏರುತ್ತದೆ.

ಆಮೇಲೆ ಎಲ್ಲ ಇದ್ದ ಹಾಗೆ ಜೋಡಿಸಿ. ಹೊಸ ಪಾಯಿಂಟ್, ಕಂಡೆನ್ಸರ್, ಕ್ಯಾಪ್, ರೋಟರ್, ಪ್ಲಗ್ ಹಾಕಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-8-4-3-6-5-7-2, ರೋಟರ್ ಗಡಿಯಾರಕ್ಕೆ ಎದುರಾಗಿ ಸುತ್ತುತ್ತದೆ. ರೇಡಿಯೇಟರ್ ತೊಳೆದು ಹೊಸ ಕೂಲಂಟ್ ತುಂಬಿ. ಹೋಸ್, ಬೆಲ್ಟ್, ಥರ್ಮೋಸ್ಟಾಟ್ ಹಳೆಯದು ಬೇಡ. ಪಕ್ಕದಲ್ಲಿ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಲಿ. ಗ್ಯಾರೇಜ್ ಬಾಗಿಲು ಪೂರ್ತಿ ತೆರೆದಿರಲಿ.

ಕ್ರೈಸ್ಲರ್ ಸ್ಟಾರ್ಟರ್ ಒಳಗೆ ಗೇರ್ ಇದೆ, ಅದರ ಸದ್ದೇ ಬೇರೆ. ಒಂದು ಉದ್ದನೆಯ ಕೀರಲು ಸ್ವರ. ಆ ಸ್ವರ ಮುಗಿಯುವಷ್ಟರಲ್ಲಿ ಎಂಟು ಸಿಲಿಂಡರ್ ಒಂದೊಂದಾಗಿ ಹಿಡಿದುಕೊಂಡವು. ಹೊಗೆ ಗ್ಯಾರೇಜ್ ತುಂಬಿತು. ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. ನಾನು ಆಯಿಲ್ ಮೀಟರಿನಿಂದ ಕಣ್ಣು ತೆಗೆಯಲೇ ಇಲ್ಲ. ನೀವೂ ತೆಗೆಯಬೇಡಿ. ಕೆಲವು ಸೆಕೆಂಡಿನಲ್ಲಿ ಮುಳ್ಳು ಏರದಿದ್ದರೆ ಆಫ್ ಮಾಡಿ. ಮೊದಲ ಹೊಗೆಗೆ ಹೆದರಬೇಡಿ, ಸಿಲಿಂಡರಿಗೆ ಹುಯ್ದ ಎಣ್ಣೆ ಸುಡುತ್ತಿರುತ್ತದೆ. ಅರ್ಧ ಗಂಟೆಯಾದರೂ ನೀಲಿ ಹೊಗೆ ನಿಲ್ಲದಿದ್ದರೆ, ಅಥವಾ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಆಗ ಯೋಚಿಸಬೇಕು.

ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಕೆಳಗೆ ಕೆಂಪು ಎಣ್ಣೆ ಇರುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ 727 ಟಾರ್ಕ್‌ಫ್ಲೈಟ್ ಇದ್ದರೆ ಸಾಮಾನ್ಯ. ನಿಂತಾಗ ಕನ್ವರ್ಟರ್‌ನಲ್ಲಿದ್ದ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಎಣ್ಣೆ ಗೇರ್‌ಬಾಕ್ಸಿನ ತಳದ ಪ್ಯಾನಿಗೆ ಇಳಿಯುತ್ತದೆ. ಮಟ್ಟ ಏರಿ ಗೇರ್ ಲಿವರಿನ ಹಳೆಯ ಸೀಲ್‌ನಿಂದ ಸೋರುತ್ತದೆ. ಸೀಲ್ ಬದಲಾಯಿಸಿ. ಇನ್ನೊಂದು ವಿಷಯ: ಈ ಗೇರ್‌ಬಾಕ್ಸ್ ಪಾರ್ಕ್‌ನಲ್ಲಿ ಕನ್ವರ್ಟರಿಗೆ ಎಣ್ಣೆ ತುಂಬುವುದಿಲ್ಲ. ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ, ಚಕ್ರಕ್ಕೆ ಅಡ್ಡ ಕೊಟ್ಟು ನೋಡಬೇಕು.

ಟೈರ್ ನೋಡಲು ಚೆನ್ನಾಗಿವೆ. ಇರಲಿ ಬಿಡಲಾ?

ಬೇಡ. ಟೈರ್ ಬದಿಯಲ್ಲಿ 'DOT' ಎಂದು ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ. '2319' ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು. ಹತ್ತು ವರ್ಷ ದಾಟಿದ್ದರೆ ಗ್ರಿಪ್ ಎಷ್ಟೇ ಉಳಿದಿದ್ದರೂ ಗ್ಯಾರೇಜಿನಲ್ಲಿ ತಳ್ಳಲು ಮಾತ್ರ ಬಳಸಿ. ಮೂಲ ಅಳತೆ ಎಫ್70-14. ಅದಕ್ಕೆ ಹತ್ತಿರದ ರೇಡಿಯಲ್ 225/70ಆರ್14. ರೇಡಿಯಲ್ ಹಾಕಿದರೆ ಗಾಡಿ ನೇರವಾಗಿ ಹೋಗುತ್ತದೆ, ಮಳೆಯಲ್ಲೂ ಹಿಡಿತ ಇರುತ್ತದೆ.

ಮೂಲದ ಹಾಗೆ ಇಡಲಾ, ಈಗಿನ ಪಾರ್ಟ್ಸ್ ಹಾಕಲಾ?

ವಾಪಸ್ ತೆಗೆಯಲು ಆಗುವುದಾದರೆ ಹಾಕಿ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಇವು ಬೋಲ್ಟ್ ಹಾಕುವ ಕೆಲಸ. ಬೇಡವೆನಿಸಿದರೆ ಹಳೆಯದು ಮತ್ತೆ ಕೂರುತ್ತದೆ. ಹಾಗಾಗಿ ತೆಗೆದ ಒಂದು ಪಾರ್ಟನ್ನೂ ಎಸೆಯಬೇಡಿ. ಬಾಡಿ ಕತ್ತರಿಸುವ, ಡ್ಯಾಶ್‌ಬೋರ್ಡಿಗೆ ತೂತು ಕೊರೆಯುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಎಷ್ಟು ಖರ್ಚಾಗುತ್ತದೆ?

ಓಡುವ ಹಾಗೆ ಮಾಡಲು ತಗಲುವ ಖರ್ಚು ಒಂದು, ಚೆಂದ ಮಾಡಲು ತಗಲುವುದು ಬೇರೆಯೇ. ಬ್ರೇಕ್, ಪೆಟ್ರೋಲ್, ಕೂಲಿಂಗ್, ವೈರಿಂಗ್, ಟೈರ್ ಎಲ್ಲ ಸೇರಿದರೂ ನನಗೆ ಒಂದು ಬಾಡಿ ಷಾಪ್ ಬಣ್ಣಕ್ಕೆ ಕೊಟ್ಟ ಅಂದಾಜಿನ ಕಾಲು ಭಾಗ ಮುಟ್ಟಲಿಲ್ಲ. ಸ್ವಂತ ಕೈಯಿಂದ ಮಾಡಿದರೆ ಈ ಲೆಕ್ಕ. ಪಾರ್ಟ್ಸ್ ಕೊಳ್ಳುವ ಮುಂಚೆ ಒಂದು ಸಲ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ನಡೆಯುವ ಕ್ರೈಸ್ಲರ್ ಜಾತ್ರೆಗೆ ಹೋಗಿ ಬನ್ನಿ. ಹಳೆಯ ಪಾರ್ಟ್ಸ್ ಹಾಸಿಕೊಂಡು ಕೂತ ಮುದುಕರು ಸಿಗುತ್ತಾರೆ. ಪಾರ್ಟಿಗಿಂತ ಅವರ ಮಾತಿಗೆ ಬೆಲೆ ಜಾಸ್ತಿ.

ನಂಬರ್ ಪ್ಲೇಟ್, ಇನ್ಷೂರೆನ್ಸ್?

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್‌ನಲ್ಲಿ 26 ವರ್ಷ ತುಂಬಿದ ಗಾಡಿಗೆ ಹಿಸ್ಟಾರಿಕ್ ಪ್ಲೇಟ್ ಸಿಗುತ್ತದೆ. ಅದರಲ್ಲಿ ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕಾರ್ಯಕ್ರಮಗಳಿಗೆ ಓಡಿಸಬಹುದು. ಆಗಸ್ಟ್ ತಿಂಗಳಲ್ಲಿ ಮಾತ್ರ ಎಲ್ಲಿಗೆ ಬೇಕಾದರೂ ಓಡಿಸಬಹುದು. ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ 'ಡ್ರೀಮ್ ಕ್ರೂಸ್' ನಡೆಯುವುದೂ ಆಗಸ್ಟ್‌ನಲ್ಲೇ, 1995ರಿಂದ. ಸುಮ್ನೆ ಹಾಲು ತರಲು ಹೋಗಬೇಕು ಅನ್ನುವವರು ಮಾಮೂಲಿ ಪ್ಲೇಟ್ ತೆಗೆದುಕೊಳ್ಳಿ.

ಇನ್ಷೂರೆನ್ಸ್ ಮಾಡಿಸುವಾಗ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಬರೆದ ಪಾಲಿಸಿ ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಇದು ಬರೀ ಹಳೆ ಗಾಡಿ, ಬೆಲೆ ಕಳೆದುಕೊಂಡಿದ್ದು.

ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದಾ?

ಯೋಚನೆ ಮಾಡಿ ಹೋಗಿ. ಇದರಲ್ಲಿ ಏರ್‌ಬ್ಯಾಗ್ ಇಲ್ಲ. ಮುಂದಿನ ಸೀಟಿಗೆ ಹೆಡ್‌ರೆಸ್ಟ್ ಕಡ್ಡಾಯವಾಗಿದ್ದೇ 1969ರಲ್ಲಿ. ಹಳೆಯ ಬೆಲ್ಟಿನ ನೂಲು ಬಿಸಿಲಿಗೆ ಸತ್ತಿರುತ್ತದೆ. ಹೊಸ ಬೆಲ್ಟ್ ಹಾಕಿಸಿ. ಚಿಕ್ಕ ಮಕ್ಕಳ ಸೀಟು ಭದ್ರವಾಗಿ ಕೂರದಿದ್ದರೆ ಅವರು ಬೆಳೆಯುವವರೆಗೆ ಕಾಯಿರಿ. ನನ್ನ ಮಗಳು ಹನ್ನೆರಡು ತುಂಬುವವರೆಗೆ ಮನೆ ಮುಂದೆ ನಿಂತ ಗಾಡಿಯ ಹಾರ್ನ್ ಒತ್ತಿಯೇ ಸಮಾಧಾನಪಟ್ಟುಕೊಂಡಳು.

ಮೊದಲ ಓಟ ಎಷ್ಟು ದೂರ ಇರಬೇಕು?

ಮನೆ ಸುತ್ತ ಒಂದು ಸುತ್ತು. ವಾಪಸ್ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಇಟ್ಟು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಗಾಡಿಯಡಿ ರಟ್ಟು ಹಾಸಿ, ಬೆಳಗ್ಗೆ ಯಾವ ಬಣ್ಣದ ಹನಿ ಎಲ್ಲಿ ಬಿದ್ದಿದೆ ನೋಡಿ. ಚಕ್ರದ ನಟ್ ಮತ್ತೆ ಬಿಗಿ ಮಾಡಿ. ಮರುದಿನ ಐದು ಮೈಲಿ, ವಾರ ಬಿಟ್ಟು ಇಪ್ಪತ್ತು. ಹೈವೇ ಆಮೇಲೆ. ಡಿಕ್ಕಿಯಲ್ಲಿ ಒಂದು ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಒಂದು ಕ್ಯಾನ್ ನೀರು, ಟಾರ್ಚ್, ಹಗ್ಗ ಇರಲಿ.

ಚಳಿಗಾಲದಲ್ಲಿ ಏನು ಮಾಡಬೇಕು?

ಮೊದಲ ಉಪ್ಪಿನ ಲಾರಿ ಕಾಣುವ ಮುಂಚೆ ಒಳಗೆ ಸೇರಿಸಿ. ಎಂಜಿನ್ ಆಯಿಲ್ ಬದಲಾಯಿಸಿಯೇ ನಿಲ್ಲಿಸಿ, ಹಳೆಯದರಲ್ಲಿ ಆಮ್ಲ ಇರುತ್ತದೆ. ಟ್ಯಾಂಕ್ ತುಂಬಿಸಿ, ಸ್ಟೆಬಿಲೈಸರ್ ಹಾಕಿ, ಅದು ಕಾರ್ಬೊರೇಟರ್‌ವರೆಗೆ ತಲುಪುವಷ್ಟು ಹೊತ್ತು ಓಡಿಸಿ. ಬ್ಯಾಟರಿ ಕಳಚಿ. ಸೈಲೆನ್ಸರ್ ಬಾಯಿಗೆ ತಂತಿ ಉಣ್ಣೆ (ಸ್ಟೀಲ್ ವುಲ್) ತುರುಕಿ, ಇಲಿ ಬರುವುದಿಲ್ಲ. ಅದನ್ನು ತೆಗೆಯಲು ಮರೆಯದಂತೆ ಸ್ಟಿಯರಿಂಗ್‌ಗೆ ಒಂದು ಚೀಟಿ ಕಟ್ಟಿ. ನಡುವೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಎರಡು ಒಳ್ಳೆಯ ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ ಹೊರಗೆ ತೆಗೆಯಿರಿ.